ಇಮೇಲ್ ರವಾನೆ ಪ್ರಮಾಣದ ನಿಗಾ

ಒಂದು ಸಂಸ್ಥೆಯ ಡೊಮೈನ್ ಅಥವಾ ಐಪಿ ವಿಳಾಸದಿಂದ ಗೊತ್ತಾದ ಅವಧಿಯಲ್ಲಿ ಎಷ್ಟು ಇಮೇಲ್ ಹೊರಹೋಯಿತು, ಅದರಲ್ಲಿ ಎಷ್ಟು ತಲುಪಿತು, ಎಷ್ಟು ಮರಳಿತು, ಎಷ್ಟಕ್ಕೆ ದೂರು ಬಂತು ಎಂಬುದನ್ನು ಬಿಡದೆ ಎಣಿಸಿ, ಕಳುಹಿಸುವವರ ಹೆಸರು ಕೆಡದಂತೆ ರವಾನೆಯ ವೇಗವನ್ನು ಹಿಡಿತದಲ್ಲಿಡುವ ಕೆಲಸವೇ ಇಮೇಲ್ ರವಾನೆ ಪ್ರಮಾಣದ ನಿಗಾ. ಈ ಲೇಖನದಲ್ಲಿ ಇಮೇಲ್ ಕಳುಹಿಸುವ ವ್ಯಕ್ತಿ ಅಥವಾ ಸಂಸ್ಥೆಯನ್ನು ರವಾನೆದಾರ ಎಂದೂ, ಜಿಮೇಲ್, ಯಾಹೂ, ಔಟ್‌ಲುಕ್‌ನಂಥ ಅಂಚೆಪೆಟ್ಟಿಗೆ ನಡೆಸುವ ಕಂಪನಿಗಳನ್ನು ಸ್ವೀಕಾರ ಸೇವೆ ಎಂದೂ ಕರೆಯಲಾಗಿದೆ. ರವಾನೆದಾರರ ಹಿಂದಿನ ನಡವಳಿಕೆ ನೋಡಿ ಸ್ವೀಕಾರ ಸೇವೆ ತನ್ನೊಳಗೆ ಇಟ್ಟುಕೊಳ್ಳುವ ಅಂದಾಜಿಗೆ ಖ್ಯಾತಿ ಎಂಬ ಪದವನ್ನು ಬಳಸಲಾಗಿದೆ. ಈ ಕೆಲಸದಲ್ಲಿರುವವರು ಅದನ್ನು ಸೆಂಡರ್ ರೆಪ್ಯುಟೇಶನ್ ಎಂದೇ ಹೇಳುತ್ತಾರೆ.

ಹೆಚ್ಚು ಇಮೇಲ್ ಕಳುಹಿಸುವುದು ತಾನಾಗಿ ತಪ್ಪಲ್ಲ. ಬ್ಯಾಂಕು, ರೈಲ್ವೆ ಟಿಕೆಟ್ ಸೇವೆ, ವಿಶ್ವವಿದ್ಯಾಲಯಗಳು ಪ್ರತಿದಿನ ಲಕ್ಷಗಟ್ಟಲೆ ಕಳುಹಿಸುತ್ತವೆ, ಅವು ಇನ್‌ಬಾಕ್ಸ್‌ಗೇ ಬೀಳುತ್ತವೆ. ಖ್ಯಾತಿಗೆ ಪೆಟ್ಟು ಬೀಳುವುದು ಪ್ರಮಾಣ ಏಕಾಏಕಿ ಏರಿದಾಗ, ಅಥವಾ ಕೇಳದವರಿಗೆ ಕಳುಹಿಸಿದಾಗ. ದೊಡ್ಡ ಕಂಪನಿಗಳಲ್ಲಿ ಇದನ್ನು ನೋಡಿಕೊಳ್ಳಲು ಪ್ರತ್ಯೇಕ ಸಿಬ್ಬಂದಿ ಇರುತ್ತಾರೆ. ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳ ಕಾಲೇಜು, ಸಹಕಾರಿ ಸಂಘ, ವ್ಯಾಪಾರ ಮಳಿಗೆಗಳಲ್ಲಿ ಕಚೇರಿಯ ಲೆಕ್ಕ ಬರೆಯುವವರೇ ಇದನ್ನೂ ನೋಡಬೇಕಾಗುತ್ತದೆ. ಆದ್ದರಿಂದ ಸಣ್ಣ ರವಾನೆದಾರರ ಸ್ಥಿತಿಯನ್ನು ಇಲ್ಲಿ ಹೆಚ್ಚು ವಿವರವಾಗಿ ಹೇಳಲಾಗಿದೆ.

ಹುಟ್ಟು ಮತ್ತು ಬೆಳವಣಿಗೆ

ಕೇಳದವರಿಗೆ ಗುಂಪಾಗಿ ಕಳುಹಿಸಿದ ಮೊದಲ ವ್ಯಾಪಾರಿ ಇಮೇಲ್ 1978ರ ಮೇ ತಿಂಗಳದ್ದು ಎಂದು ಸಾಮಾನ್ಯವಾಗಿ ಗುರುತಿಸಲಾಗುತ್ತದೆ. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್ನಿನ ಗ್ಯಾರಿ ಥರ್ಕ್ ಅರ್ಪಾನೆಟ್ ಜಾಲದ ಸುಮಾರು 400 ಬಳಕೆದಾರರಿಗೆ ತಮ್ಮ ಕಂಪನಿಯ ಕಂಪ್ಯೂಟರುಗಳ ಪ್ರದರ್ಶನಕ್ಕೆ ಆಹ್ವಾನ ಕಳುಹಿಸಿದ್ದರು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ, ಇಂಟರ್ನೆಟ್ ಮಾನದಂಡಗಳ ಆರ್‌ಎಫ್‌ಸಿ ದಾಖಲೆ ಸರಣಿಯ ಆರ್‌ಎಫ್‌ಸಿ 821, ಇಂದಿಗೂ ಇಮೇಲ್ ಸಾಗಿಸುತ್ತಿರುವ ಎಸ್‌ಎಂಟಿಪಿ ನಿಯಮಾವಳಿಯನ್ನು ರೂಪಿಸಿತು. ಕಳುಹಿಸುವವರು ನಿಜವಾಗಿ ಯಾರು ಎಂದು ಪರೀಕ್ಷಿಸುವ ವ್ಯವಸ್ಥೆಯಾಗಲಿ, ಎಷ್ಟು ಕಳುಹಿಸಬಹುದು ಎಂಬ ಮಿತಿಯಾಗಲಿ ಅದರಲ್ಲಿ ಇರಲಿಲ್ಲ. ಒಬ್ಬರನ್ನೊಬ್ಬರು ಬಲ್ಲ ಸಂಶೋಧಕರ ಜಾಲಕ್ಕೆ ಅದರ ಅಗತ್ಯವೂ ಇರಲಿಲ್ಲ. ಭಾರತದಲ್ಲಿ 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯೂ ಇಂಥದ್ದೇ ಜಾಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅದರ ಮೊದಲ ಪಾಲುದಾರ ಸಂಸ್ಥೆಗಳಲ್ಲಿ ಒಂದಾಗಿತ್ತು. ಸಾರ್ವಜನಿಕರಿಗೆ ಇಂಟರ್ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿದೇಶ್ ಸಂಚಾರ್ ನಿಗಮದ ಮೂಲಕ.

1996ರ ಜುಲೈ 4ರಂದು ಹಾಟ್‌ಮೇಲ್ ಆರಂಭವಾದ ಮೇಲೆ ಪರಿಸ್ಥಿತಿ ಬದಲಾಯಿತು. ಬೆಂಗಳೂರಿನಲ್ಲಿ ಬೆಳೆದ ಸಬೀರ್ ಭಾಟಿಯಾ ಮತ್ತು ಅವರ ಸಹೋದ್ಯೋಗಿ ಜ್ಯಾಕ್ ಸ್ಮಿತ್ ಕಟ್ಟಿದ ಈ ಸೇವೆಯಲ್ಲಿ ಯಾರು ಬೇಕಾದರೂ ಕಾಸು ಕೊಡದೆ ಖಾತೆ ತೆರೆಯಬಹುದಿತ್ತು. ಸ್ಪ್ಯಾಮ್ ಕಳುಹಿಸುವವರೂ ತೆರೆದರು. ಮೈಕ್ರೋಸಾಫ್ಟ್ ಕೈಗೆ ಹೋದ ಹಾಟ್‌ಮೇಲ್ 2003ರಲ್ಲಿ ಉಚಿತ ಖಾತೆಯಿಂದ ದಿನಕ್ಕೆ 100 ಪತ್ರಗಳಷ್ಟೇ ಹೋಗಲಿ ಎಂದು ಕಟ್ಟು ಹಾಕಿತು. ಖಾತೆಯೊಂದರ ದಿನದ ರವಾನೆಗೆ ಹೊರಗಿನಿಂದ ಮಿತಿ ಬಿದ್ದ ಆರಂಭದ ದೊಡ್ಡ ಉದಾಹರಣೆಗಳಲ್ಲಿ ಇದೂ ಒಂದು.

ಇದಕ್ಕೆ ಸಮಾನಾಂತರವಾಗಿ ಕಪ್ಪುಪಟ್ಟಿಗಳು ಬೆಳೆದವು. 1997ರಲ್ಲಿ ಪಾಲ್ ವಿಕ್ಸಿ ಮತ್ತು ಸಂಗಡಿಗರು ಸ್ಪ್ಯಾಮ್ ಹೊರಡುವ ಐಪಿ ವಿಳಾಸಗಳ ಪಟ್ಟಿಯನ್ನು ಡೊಮೈನ್ ಹೆಸರುಗಳ ವ್ಯವಸ್ಥೆಯಾದ ಡಿಎನ್‌ಎಸ್ ಮೂಲಕ ಹಂಚತೊಡಗಿದರು. 1998ರಲ್ಲಿ ಸ್ಟೀವ್ ಲಿನ್‌ಫೋರ್ಡ್ ಸ್ಪ್ಯಾಮ್‌ಹೌಸ್ ಸ್ಥಾಪಿಸಿದರು. ಕಪ್ಪುಪಟ್ಟಿ ಹೌದು ಅಥವಾ ಅಲ್ಲ ಎಂಬ ಎರಡೇ ಉತ್ತರ ಕೊಡುತ್ತಿತ್ತು. ಮುಂದಿನ ದಶಕದಲ್ಲಿ ಸ್ವೀಕಾರ ಸೇವೆಗಳು ಪ್ರತಿ ರವಾನೆದಾರರಿಗೂ ಏರಿಳಿಯುವ ಅಂಕ ಕೊಡಲು ಆರಂಭಿಸಿದವು. ಅಂಕ ಕೊಡಬೇಕಾದರೆ ಗುರುತು ಖಚಿತವಿರಬೇಕು. ಆ ಕೊರತೆಯನ್ನು ಮೂರು ವ್ಯವಸ್ಥೆಗಳು ತುಂಬಿದವು. ಯಾವ ಸರ್ವರ್ ಈ ಡೊಮೈನಿನ ಹೆಸರಿನಲ್ಲಿ ಕಳುಹಿಸಬಹುದು ಎಂದು ಸಾರುವ ಎಸ್‌ಪಿಎಫ್ 2006ರಲ್ಲಿ ಆರ್‌ಎಫ್‌ಸಿಯಾಗಿ ಪ್ರಕಟವಾಯಿತು. ಪತ್ರಕ್ಕೆ ಡಿಜಿಟಲ್ ಸಹಿ ಹಾಕುವ ಡಿಕೆಐಎಂ 2007ರಲ್ಲಿ ಬಂತು. ಇವೆರಡೂ ವಿಫಲವಾದರೆ ಏನು ಮಾಡಬೇಕೆಂದು ಹೇಳುವ ಡಿಎಂಎಆರ್‌ಸಿ 2012ರಲ್ಲಿ ಬಳಕೆಗೆ ಬಂದು 2015ರಲ್ಲಿ ಆರ್‌ಎಫ್‌ಸಿ 7489 ಆಗಿ ದಾಖಲಾಯಿತು.

ರಚನೆ

ಸ್ವೀಕಾರ ಸೇವೆಯ ಕಡೆ ಖ್ಯಾತಿ ಎರಡು ಕಡೆ ಅಂಟಿಕೊಳ್ಳುತ್ತದೆ. ಒಂದು ಐಪಿ ವಿಳಾಸಕ್ಕೆ, ಇನ್ನೊಂದು ಡೊಮೈನಿಗೆ. ಹಿಂದೆ ಐಪಿಯದೇ ತೂಕ ಹೆಚ್ಚಿತ್ತು. ಡಿಕೆಐಎಂ ಹರಡಿದ ಮೇಲೆ ಡೊಮೈನಿನ ತೂಕ ಏರಿದೆ. ಸರ್ವರ್ ಬದಲಿಸಿ ಹಳೆಯ ಕಳಂಕ ತೊಳೆದುಕೊಳ್ಳುವ ದಾರಿ ಇದರಿಂದ ಬಹುಮಟ್ಟಿಗೆ ಮುಚ್ಚಿದೆ.

ರವಾನೆದಾರರ ಕಡೆ ನಿಗಾ ವ್ಯವಸ್ಥೆಗೆ ಮೂಲ ಆಕರ ಸರ್ವರಿನ ದಾಖಲೆ, ಅಂದರೆ ಲಾಗ್. ಪ್ರತಿ ಪತ್ರಕ್ಕೂ ಎದುರು ಸರ್ವರ್ ಕೊಟ್ಟ ಉತ್ತರ ಅದರಲ್ಲಿ ಮೂರು ಅಂಕಿಯ ಸಂಕೇತವಾಗಿ ಉಳಿಯುತ್ತದೆ. 2ರಿಂದ ಆರಂಭವಾದರೆ ಸ್ವೀಕೃತ. 4ರಿಂದ ಆರಂಭವಾದರೆ ಸದ್ಯಕ್ಕಿಲ್ಲ, ಆಮೇಲೆ ಬನ್ನಿ. 5ರಿಂದ ಆರಂಭವಾದರೆ ಕಡಾಖಂಡಿತ ನಿರಾಕರಣೆ. ಪ್ರಮಾಣದ ವಿಷಯದಲ್ಲಿ ಹೆಚ್ಚು ಗಮನಿಸಬೇಕಾದ್ದು 4ರ ಸಂಕೇತಗಳನ್ನು. ರವಾನೆ ವೇಗ ಮಿತಿ ಮೀರಿದೆ ಎನಿಸಿದಾಗ ಜಿಮೇಲ್, ಯಾಹೂ ಎರಡೂ ಮೊದಲು 421 ಎಂಬ ತಾತ್ಕಾಲಿಕ ನಿರಾಕರಣೆ ಕೊಡುತ್ತವೆ. ಅದು ಎಚ್ಚರಿಕೆ. ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ಒಂದು ಪ್ರಯತ್ನಕ್ಕೂ ಇನ್ನೊಂದಕ್ಕೂ ಕನಿಷ್ಠ 30 ನಿಮಿಷ ಅಂತರವಿರಲಿ, 4ರಿಂದ 5 ದಿನಗಳವರೆಗೆ ಪ್ರಯತ್ನ ಬಿಡಬೇಡಿ ಎಂದು ಎಸ್‌ಎಂಟಿಪಿ ನಿಯಮಾವಳಿ ಸೂಚಿಸುತ್ತದೆ. ಪತ್ರ ಕೊನೆಗೆ ತಲುಪಿಬಿಡುವುದರಿಂದ ಈ ಎಚ್ಚರಿಕೆ ಯಾರ ಕಣ್ಣಿಗೂ ಬೀಳದೆ ಹೋಗುತ್ತದೆ. ಲಾಗ್ ಓದದ ಕಚೇರಿಗೆ ವಿಷಯ ತಿಳಿಯುವುದು 5ರ ಸಂಕೇತ ಬಂದ ಮೇಲೆಯೇ.

ಎಣಿಕೆಯ ಘಟಕಗಳು

ಎಣಿಸಬೇಕಾದ್ದು ಪತ್ರಗಳನ್ನಲ್ಲ, ಪಡೆಯುವವರನ್ನು. ಒಂದೇ ಪತ್ರದ ಬಿಸಿಸಿಯಲ್ಲಿ 80 ವಿಳಾಸ ಇಟ್ಟರೆ ಲೆಕ್ಕ 80. ಒಟ್ಟು ಸಂಖ್ಯೆಯ ಜೊತೆಗೆ ಪ್ರತಿ ಸ್ವೀಕಾರ ಸೇವೆಗೆ ಎಷ್ಟು ಹೋಯಿತೆಂಬ ಬಿಡಿ ಲೆಕ್ಕವೂ ಬೇಕು, ಏಕೆಂದರೆ ಪ್ರತಿ ಸೇವೆಯೂ ತನಗೆ ಬಂದದ್ದನ್ನಷ್ಟೇ ನೋಡಿ ತೀರ್ಮಾನಿಸುತ್ತದೆ. ಭಾರತದಲ್ಲಿ ಖಾಸಗಿ ವಿಳಾಸಗಳು ಬಹುಪಾಲು ಜಿಮೇಲಿನವು. ಹಾಗಾಗಿ ಇಲ್ಲಿನ ಹೆಚ್ಚಿನ ರವಾನೆದಾರರ ಭವಿಷ್ಯ ಒಂದೇ ಸೇವೆಯ ಅಂದಾಜಿನ ಮೇಲೆ ನಿಂತಿರುತ್ತದೆ.

ಬೌನ್ಸ್ ಎಂದರೆ ಮರಳಿ ಬಂದ ಪತ್ರ. ವಿಳಾಸವೇ ಇಲ್ಲದಿದ್ದರೆ ಅದು ಗಟ್ಟಿ ಬೌನ್ಸ್, ಅಂಚೆಪೆಟ್ಟಿಗೆ ತುಂಬಿದ್ದರೆ ಮೆದು ಬೌನ್ಸ್. ಗಟ್ಟಿ ಬೌನ್ಸ್ ಆದ ವಿಳಾಸಕ್ಕೆ ಎರಡನೇ ಬಾರಿ ಕಳುಹಿಸಬಾರದು. ಬೌನ್ಸ್ ಪ್ರಮಾಣ ಶೇ. 5ರ ಒಳಗಿರಲಿ ಎಂದು ಅಮೆಜಾನ್‌ನ ಇಮೇಲ್ ಸೇವೆ ತನ್ನ ಗ್ರಾಹಕರಿಗೆ ಸೂಚಿಸುತ್ತದೆ. ಅದು ಶೇ. 10 ಮುಟ್ಟಿದರೆ ಖಾತೆಯ ರವಾನೆಯನ್ನು ನಿಲ್ಲಿಸಬಹುದು. ಪಡೆದವರು ಸ್ಪ್ಯಾಮ್ ಗುಂಡಿ ಒತ್ತಿದರೆ ಅದು ದೂರು. ದೂರಿನ ಪ್ರಮಾಣ ಶೇ. 0.1ಕ್ಕಿಂತ ಕೆಳಗಿರಬೇಕು, ಶೇ. 0.3ನ್ನು ಎಂದೂ ಮುಟ್ಟಬಾರದು ಎಂಬುದು ಗೂಗಲ್‌ನ ಅಳತೆ.

ಶೇಕಡಾವಾರು ಲೆಕ್ಕ ಸಣ್ಣ ಪಟ್ಟಿಗಳ ಮೇಲೆ ಬಹಳ ಕಠಿಣವಾಗಿ ಬೀಳುತ್ತದೆ. 600 ಪೋಷಕರಿಗೆ ಪತ್ರ ಹಾಕುವ ಒಂದು ಕಾಲೇಜನ್ನು ಊಹಿಸಿಕೊಂಡರೆ, ಒಬ್ಬ ಪೋಷಕರು ದೂರು ಒತ್ತಿದರೂ ಶೇ. 0.17 ಆಗುತ್ತದೆ. ಇಬ್ಬರು ಒತ್ತಿದರೆ ಶೇ. 0.33, ಅಂದರೆ ಮೇಲಿನ ಗಡಿ ದಾಟಿದಂತೆ. ಒಂದು ಲಕ್ಷ ಜನರಿಗೆ ಕಳುಹಿಸುವ ಕಂಪನಿ ಅದೇ ಗಡಿ ಮುಟ್ಟಲು 300 ದೂರು ಬೇಕು. ಸಣ್ಣ ಪಟ್ಟಿಯವರು ಒಪ್ಪಿಗೆ ಪಡೆಯುವುದರಲ್ಲಿ ದೊಡ್ಡವರಿಗಿಂತ ಹೆಚ್ಚು ಬಿಗಿಯಾಗಿರಬೇಕಾದ ಕಾರಣ ಇದು.

ವಿಧಗಳು

ರವಾನೆಯನ್ನು ಸ್ವಭಾವದ ಮೇಲೆ ಎರಡು ಹರಿವುಗಳಾಗಿ ವಿಂಗಡಿಸುವುದು ರೂಢಿ. ಒಟಿಪಿ, ರಸೀದಿ, ಅಂಕಪಟ್ಟಿ, ಪ್ರವೇಶ ದೃಢೀಕರಣದಂಥವು ವ್ಯವಹಾರದ ಪತ್ರಗಳು. ಜಾಹೀರಾತು, ಸುದ್ದಿಪತ್ರ, ಆಹ್ವಾನಗಳು ಪ್ರಚಾರದ ಪತ್ರಗಳು. ಎರಡನ್ನೂ ಒಂದೇ ವಿಳಾಸದಿಂದ ಕಳುಹಿಸಿದರೆ ಪ್ರಚಾರದ ಪತ್ರಕ್ಕೆ ಬಿದ್ದ ದೂರು ರಸೀದಿಯನ್ನೂ ಸ್ಪ್ಯಾಮ್‌ಗೆ ತಳ್ಳುತ್ತದೆ. ಆದ್ದರಿಂದ ಉಪಡೊಮೈನ್‌ಗಳನ್ನು ಬೇರೆಯಾಗಿಸುತ್ತಾರೆ.

ಐಪಿಯ ಮೇಲೆ ನೋಡಿದರೆ ಹಂಚಿಕೆಯದು ಮತ್ತು ಸ್ವಂತದ್ದು ಎಂದು ಎರಡು ಬಗೆ. ಅಗ್ಗದ ವೆಬ್‌ಹೋಸ್ಟಿಂಗ್‌ನಲ್ಲಿ ನೂರಾರು ಜಾಲತಾಣಗಳು ಒಂದೇ ಐಪಿಯಿಂದ ಇಮೇಲ್ ಕಳುಹಿಸುತ್ತವೆ, ನೆರೆಯ ಜಾಲತಾಣದ ತಪ್ಪು ಎಲ್ಲರ ತಲೆಗೆ ಬರುತ್ತದೆ. ಸ್ವಂತ ಐಪಿ ಪಡೆದರೆ ಈ ಕಾಟ ತಪ್ಪುತ್ತದೆ. ಆದರೆ ಅದರ ಖ್ಯಾತಿ ಕಟ್ಟಲು ಪ್ರತಿದಿನ ಸಾಕಷ್ಟು ಪತ್ರ ಹೋಗುತ್ತಿರಬೇಕು. ತಿಂಗಳಿಗೆ ಕೆಲವು ನೂರು ಕಳುಹಿಸುವವರಿಗೆ ಸ್ವಂತ ಐಪಿ ಲಾಭದ್ದಲ್ಲ. ಒಳ್ಳೆಯ ಹೆಸರಿರುವ ಸೇವೆಯ ಹಂಚಿಕೆ ಐಪಿ ಮತ್ತು ತಮ್ಮದೇ ಡೊಮೈನ್, ಈ ಜೋಡಿ ಅವರಿಗೆ ಸರಿಹೊಂದುತ್ತದೆ.

ಪ್ರಮಾಣ ಏರಿಸುವ ಕ್ರಮ

ಹೊಸ ಡೊಮೈನಿನಿಂದ ಮೊದಲ ದಿನವೇ ಸಾವಿರಾರು ಪತ್ರ ಹೋದರೆ ಸ್ವೀಕಾರ ಸೇವೆ ಅದನ್ನು ಅನುಮಾನದಿಂದ ನೋಡುತ್ತದೆ. ಸ್ಪ್ಯಾಮ್ ಕಳುಹಿಸುವವರ ನಡವಳಿಕೆಯೂ ಹಾಗೆಯೇ ಇರುವುದು ಇದಕ್ಕೆ ಕಾರಣ. ಅವರು ಡೊಮೈನ್ ಕೊಂಡು, ಒಂದೆರಡು ದಿನ ಸುರಿದು, ಬಿಟ್ಟು ಹೋಗುತ್ತಾರೆ. ಆದ್ದರಿಂದ ಪ್ರಮಾಣವನ್ನು ವಾರಗಳ ಮೇಲೆ ಹಂತಹಂತವಾಗಿ ಏರಿಸುತ್ತಾರೆ. ಇದಕ್ಕೆ ವಾರ್ಮ್‌ಅಪ್ ಎಂದು ಹೆಸರು. ಮೊದಲು ಪತ್ರಗಳನ್ನು ನಿಜವಾಗಿ ತೆರೆದು ಓದುವವರಿಗೆ ಕಳುಹಿಸಿ, ಬೌನ್ಸ್ ಮತ್ತು 4ರ ಸಂಕೇತಗಳನ್ನು ನೋಡಿಕೊಂಡು ಮುಂದಿನ ಹಂತಕ್ಕೆ ಹೋಗಬೇಕು. ಇರುವ ಪ್ರಮಾಣವನ್ನು ಒಮ್ಮೆಲೇ ದುಪ್ಪಟ್ಟು ಮಾಡಿದರೂ ರವಾನೆ ತಡೆಯಬಹುದು ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ಎಚ್ಚರಿಸಿದೆ. ಗಳಿಸಿದ ಖ್ಯಾತಿಯೂ ಕಾಯಂ ಅಲ್ಲ. ತಿಂಗಳುಗಟ್ಟಲೆ ಸುಮ್ಮನಿದ್ದ ಐಪಿಯನ್ನು ಹೊಸದರಂತೆಯೇ ಮತ್ತೆ ಹಂತಹಂತವಾಗಿ ಏರಿಸಬೇಕಾಗುತ್ತದೆ.

ಯಾದಗಿರಿ, ಶಹಾಪುರ, ಸುರಪುರದ ಸಂದರ್ಭ

ಯಾದಗಿರಿ 2009ರ ಡಿಸೆಂಬರ್ 30ರಂದು ಕಲಬುರಗಿಯಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ಯಾದಗಿರಿ, ಶಹಾಪುರ, ಸುರಪುರ ಅದರ ಮೂಲ ತಾಲ್ಲೂಕುಗಳು. ವಡಗೇರಾ, ಗುರುಮಠಕಲ್, ಹುಣಸಗಿ ಆಮೇಲೆ ಸೇರಿದವು. ತೊಗರಿ, ಹತ್ತಿ, ನಾರಾಯಣಪುರದ ಬಸವಸಾಗರದಿಂದ ಬರುವ ಕಾಲುವೆ ನೀರಿನ ಭತ್ತ ಇಲ್ಲಿನ ಮುಖ್ಯ ಬೆಳೆಗಳು. ಜಿಲ್ಲಾಡಳಿತದ ಜಾಲತಾಣ ರಾಷ್ಟ್ರೀಯ ಮಾಹಿತಿ ಕೇಂದ್ರದ ವ್ಯವಸ್ಥೆಯಲ್ಲಿದೆ. ಸರ್ಕಾರದ ಅಧಿಕೃತ ಇಮೇಲ್ ವಿಳಾಸಗಳ ಖ್ಯಾತಿಯನ್ನು ಕಾಯುವ ಹೊಣೆಯೂ ಕೇಂದ್ರೀಯವಾದದ್ದು. ಸ್ವಂತ ಡೊಮೈನ್ ಇಟ್ಟುಕೊಂಡ ಖಾಸಗಿ ಕಾಲೇಜು, ಆಸ್ಪತ್ರೆ, ಸಹಕಾರಿ ಬ್ಯಾಂಕು, ವ್ಯಾಪಾರಿಗಳು ಮಾತ್ರ ಅದನ್ನು ತಾವೇ ನೋಡಿಕೊಳ್ಳಬೇಕು.

ಈ ಊರುಗಳಲ್ಲಿ ದಿನನಿತ್ಯದ ಸುದ್ದಿ, ಪೇಟೆಯ ಧಾರಣೆ ಓಡಾಡುವುದು ಫೋನ್ ಮತ್ತು ವಾಟ್ಸ್‌ಆ್ಯಪ್‌ನಲ್ಲಿ. ಇಮೇಲ್ ಬೇಕಾಗುವುದು ಟೆಂಡರ್, ಇನ್‌ವಾಯ್ಸ್, ಬ್ಯಾಂಕ್ ಪತ್ರ, ಪ್ರವೇಶ ಅರ್ಜಿ, ನೇಮಕಾತಿಯಂಥ ದಾಖಲೆ ಉಳಿಯಬೇಕಾದ ವ್ಯವಹಾರಗಳಿಗೆ. ಸಂಖ್ಯೆ ಕಡಿಮೆ, ಆದರೆ ಒಂದೊಂದು ಪತ್ರದ ಬೆಲೆ ದೊಡ್ಡದು. ಸಂದರ್ಶನದ ಕರೆಯೋ ಹಣ ಪಾವತಿಯ ಸೂಚನೆಯೋ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಹೂತುಹೋದರೆ ನಷ್ಟ ನೇರವಾಗಿ ಮನುಷ್ಯರಿಗೆ ತಟ್ಟುತ್ತದೆ.

ಇಂಥ ರವಾನೆಗೆ ಋತುಮಾನವಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶದ ಬೆನ್ನಿಗೆ ಬರುವ ಪ್ರವೇಶದ ವಾರಗಳು, ಹತ್ತಿ ಮತ್ತು ತೊಗರಿ ಮಾರುಕಟ್ಟೆಗೆ ಬರುವ ಚಳಿಗಾಲ, ಮಾರ್ಚ್ ಕೊನೆಯ ಲೆಕ್ಕಪತ್ರ, ಈ ಹೊತ್ತಿನಲ್ಲಿ ಪ್ರಮಾಣ ಏರುತ್ತದೆ, ಉಳಿದ ತಿಂಗಳುಗಳಲ್ಲಿ ಸ್ತಬ್ಧ. ಸ್ವೀಕಾರ ಸೇವೆಯ ಕಣ್ಣಿಗೆ ಇದು ಮೌನ ಮತ್ತು ದಿಢೀರ್ ಏರಿಕೆಯ ಸರಣಿ. ಏಪ್ರಿಲ್‌ನಿಂದಲೇ ಸಣ್ಣ ಗುಂಪುಗಳಾಗಿ ಆರಂಭಿಸಿ, ಜೂನ್‌ನ ಪತ್ರಗಳನ್ನು ನಾಲ್ಕೈದು ದಿನಕ್ಕೆ ಹಂಚಿದರೆ ಇದರ ಪರಿಣಾಮ ಬಹಳ ತಗ್ಗುತ್ತದೆ. ತುರ್ತು ಸೂಚನೆಗೆ ಇಮೇಲ್ ತಕ್ಕ ಮಾಧ್ಯಮವೇ ಅಲ್ಲ. ಬಸವಸಾಗರದಿಂದ ಕೃಷ್ಣೆಗೆ ನೀರು ಬಿಟ್ಟಾಗ ನದಿದಂಡೆಯ ಹಳ್ಳಿಗಳಿಗೆ ಡಂಗುರ, ಧ್ವನಿವರ್ಧಕ, ಮೊಬೈಲ್ ಸಂದೇಶಗಳೇ ಬೇಕು.

ಸ್ವಂತ ಡೊಮೈನ್ ಇಲ್ಲದೆ ಸಾಮಾನ್ಯ ಜಿಮೇಲ್ ಖಾತೆಯಲ್ಲೇ ಕೆಲಸ ನಡೆಸುವ ಕಚೇರಿಗಳೂ ಹಲವು. ಅಂಥ ಖಾತೆಗೆ ದಿನಕ್ಕೆ 500 ಪತ್ರಗಳ ಮಿತಿಯಿದೆ, ಹಣ ಕೊಟ್ಟು ಪಡೆಯುವ ವರ್ಕ್‌ಸ್ಪೇಸ್ ಖಾತೆಗೆ 2,000. ಮಿತಿ ಮೀರಿದರೆ ಖಾತೆಯ ರವಾನೆ ಸುಮಾರು ಒಂದು ದಿನ ನಿಲ್ಲುತ್ತದೆ. ಜಿಮೇಲ್ ವಿಳಾಸವನ್ನೇ ಕಳುಹಿಸುವವರ ಹೆಸರಾಗಿ ಇಟ್ಟು ಬೇರೆ ಸಾಮೂಹಿಕ ರವಾನೆ ಸಾಧನದಿಂದ ಕಳುಹಿಸುವ ಅಭ್ಯಾಸ ಈಗ ನಡೆಯುವುದಿಲ್ಲ. ಅಂಥ ಪತ್ರ ಡಿಎಂಎಆರ್‌ಸಿ ಪರೀಕ್ಷೆಯಲ್ಲಿ ಸೋತು ಸ್ಪ್ಯಾಮ್‌ಗೆ ಬೀಳುತ್ತದೆ.

ಸಣ್ಣ ರವಾನೆದಾರರ ಸಾಧನಗಳು

2015ರಿಂದ ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್ ಎಂಬ ಉಚಿತ ಸಾಧನ ಕೊಡುತ್ತಿದೆ. ಮೈಕ್ರೋಸಾಫ್ಟ್‌ನದು ಎಸ್‌ಎನ್‌ಡಿಎಸ್, ಇದು ಐಪಿಯ ಸ್ಥಿತಿಯನ್ನು ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ತೋರಿಸುತ್ತದೆ. ಎರಡೂ ದೊಡ್ಡ ರವಾನೆದಾರರಿಗಾಗಿ ಮಾಡಿದವು. ದಿನದ ಪ್ರಮಾಣ ಬಹಳ ಕಡಿಮೆಯಿದ್ದರೆ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಅಂಕಿಅಂಶವೇ ಕಾಣಿಸುವುದಿಲ್ಲ. ಎಸ್‌ಎನ್‌ಡಿಎಸ್‌ನಲ್ಲಿ ಒಂದು ಐಪಿಯಿಂದ ದಿನಕ್ಕೆ 100 ಪತ್ರಗಳಾದರೂ ಹೋಗಿರಬೇಕು. ಖಾಲಿ ಪುಟ ಕಂಡು ಎಲ್ಲ ಸರಿಯಿದೆ ಎಂದು ತಿಳಿಯುವುದು ಇಲ್ಲಿನ ದೊಡ್ಡ ಅಪಾಯ.

ಸಣ್ಣವರಿಗೆ ನಿಜವಾಗಿ ಒದಗುವುದು ಡಿಎಂಎಆರ್‌ಸಿಯ ಸಾರಾಂಶ ವರದಿ. ಡೊಮೈನಿನ ಡಿಎನ್‌ಎಸ್‌ನಲ್ಲಿ ಒಂದು ಸಾಲು ಸೇರಿಸಿ ವರದಿಯ ವಿಳಾಸ ಕೊಟ್ಟರೆ ಗೂಗಲ್, ಯಾಹೂ, ಮೈಕ್ರೋಸಾಫ್ಟ್‌ಗಳಿಂದ ಸಾಮಾನ್ಯವಾಗಿ ದಿನಕ್ಕೊಂದು ಎಕ್ಸ್‌ಎಂಎಲ್ ಕಡತ ಬರುತ್ತದೆ. ಆ ಡೊಮೈನಿನ ಹೆಸರಿನಲ್ಲಿ ಯಾವ ಐಪಿಯಿಂದ ಎಷ್ಟು ಪತ್ರ ಬಂದವು, ಎಸ್‌ಪಿಎಫ್ ಮತ್ತು ಡಿಕೆಐಎಂ ಪರೀಕ್ಷೆಯಲ್ಲಿ ಎಷ್ಟು ಗೆದ್ದವು ಎಂಬುದು ಅದರಲ್ಲಿರುತ್ತದೆ. ಸಂಖ್ಯೆ ಎಷ್ಟೇ ಚಿಕ್ಕದಿದ್ದರೂ ಲೆಕ್ಕ ಸಿಗುತ್ತದೆ, ಖರ್ಚೂ ಇಲ್ಲ. ತಾವು ಕಳುಹಿಸಿದ್ದು 200, ವರದಿಯಲ್ಲಿ ಕಂಡದ್ದು 9,000 ಎಂದಾದರೆ ಯಾರೋ ಹೆಸರು ಕದ್ದಿದ್ದಾರೆ ಎಂದೇ ಅರ್ಥ. ಪಾಸ್‌ವರ್ಡ್ ಸೋರಿದ ಖಾತೆ, ಜಾಲತಾಣದ ಸಂಪರ್ಕ ನಮೂನೆಯಲ್ಲಿ ನುಸುಳಿದ ದುಷ್ಟ ತಂತ್ರಾಂಶ, ಇವು ರಾತ್ರಿ ವೇಳೆ, ರಜಾದಿನಗಳಲ್ಲಿ ಸಾವಿರಾರು ಪತ್ರ ಕಳುಹಿಸುತ್ತವೆ. ಪ್ರಮಾಣದ ನಿಗಾ ಇರುವ ಕಡೆ ಇವು ಬೇಗ ಸಿಕ್ಕಿಬೀಳುತ್ತವೆ. ತಿಂಗಳ ಸರಾಸರಿಯ ಎರಡುಪಟ್ಟು ದಾಟಿದ ಕೂಡಲೆ ರವಾನೆ ತಾನಾಗಿ ನಿಂತು ಮೊಬೈಲಿಗೆ ಸೂಚನೆ ಬರುವಂತೆ ಹೋಸ್ಟಿಂಗ್ ಕಂಪನಿಯಿಂದ ಗಂಟೆಯ ಮಿತಿ ಹಾಕಿಸಿಕೊಳ್ಳುವುದು ಅತ್ಯಂತ ಸರಳ ರಕ್ಷಣೆ. ಇದರ ಜೊತೆಗೆ ದಿನಾಂಕ, ಪಟ್ಟಿಯ ಹೆಸರು, ಕಳುಹಿಸಿದ್ದು, ಮರಳಿದ್ದು, ಬೇಡವೆಂದವರು ಎಂಬ ಐದು ಕಲಮುಗಳ ಒಂದು ರಿಜಿಸ್ಟರ್ ಇದ್ದರೆ ಸಣ್ಣ ಸಂಸ್ಥೆಗೆ ಸಾಕು.

ಕನ್ನಡ ಪತ್ರಗಳ ವಿಶೇಷ

ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಇಂಗ್ಲಿಷ್ ಅಕ್ಷರಕ್ಕೆ 1. ಒತ್ತಕ್ಷರ, ಕಾಗುಣಿತಗಳಿಗೆ ಹಲವು ಸಂಕೇತಗಳು ಸೇರುವುದರಿಂದ ಕನ್ನಡದ ಸುದ್ದಿಪತ್ರ ಗಾತ್ರದಲ್ಲಿ ಬೇಗ ಬೆಳೆಯುತ್ತದೆ. ಸುಮಾರು 102 ಕಿಲೋಬೈಟ್ ದಾಟಿದ ಪತ್ರದ ಕೊನೆಯನ್ನು ಜಿಮೇಲ್ ಮಡಚಿಡುತ್ತದೆ. ಚಂದಾ ನಿಲ್ಲಿಸುವ ಕೊಂಡಿ ಕೊನೆಯಲ್ಲಿದ್ದರೆ ಅದೂ ಮರೆಯಾಗುತ್ತದೆ. ಕೊಂಡಿ ಸಿಗದ ಓದುಗರು ಸ್ಪ್ಯಾಮ್ ಗುಂಡಿ ಒತ್ತುತ್ತಾರೆ. ಕೊಂಡಿಯನ್ನು ಮೇಲ್ಭಾಗದಲ್ಲೂ ಇಡುವುದು ಕನ್ನಡ ಪತ್ರಗಳಿಗೆ ಅಗತ್ಯ.

ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಪಡೆದವರಿಗೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಯೂನಿಕೋಡ್‌ಗೆ ಪರಿವರ್ತಿಸಿಯೇ ಕಳುಹಿಸಬೇಕು. ಸುತ್ತೋಲೆಯ ಫೋಟೊವನ್ನು ಮಾತ್ರ ಲಗತ್ತಿಸಿ, ಒಂದಕ್ಷರ ಬರಹವಿಲ್ಲದೆ ಕಳುಹಿಸುವುದೂ ಸೋಸುವ ತಂತ್ರಾಂಶಗಳ ಅನುಮಾನಕ್ಕೆ ಎಡೆಮಾಡುತ್ತದೆ. ಇಮೇಲ್ ವಿಳಾಸವನ್ನೇ ಕನ್ನಡ ಲಿಪಿಯಲ್ಲಿ ಇಡಲು 2012ರ ಆರ್‌ಎಫ್‌ಸಿ 6531 ಅವಕಾಶ ಮಾಡಿದೆ. ಎಲ್ಲ ಸರ್ವರ್‌ಗಳೂ ಅದನ್ನು ಒಪ್ಪದ ಕಾರಣ ಅಂಥ ವಿಳಾಸಗಳ ಬೌನ್ಸ್‌ಗಳನ್ನು ಪ್ರತ್ಯೇಕವಾಗಿ ಲೆಕ್ಕಹಾಕಬೇಕು.

ಕಾನೂನು

ಭಾರತದಲ್ಲಿ ವ್ಯಾಪಾರಿ ಎಸ್‌ಎಂಎಸ್ ಮತ್ತು ಕರೆಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮಗಳಿವೆ. ಕಳುಹಿಸುವ ಸಂಸ್ಥೆ, ಅದರ ಹೆಸರು, ಸಂದೇಶದ ಮಾದರಿ ಎಲ್ಲವೂ ಮುಂಚೆಯೇ ನೋಂದಣಿಯಾಗಬೇಕು. ಇಮೇಲಿಗೆ ಇಂಥ ನೋಂದಣಿ ಇಲ್ಲ, ಸ್ಪ್ಯಾಮ್ ತಡೆಗೆಂದೇ ರೂಪಿಸಿದ ಕಾಯ್ದೆಯೂ ಇಲ್ಲ. ಕಿರುಕುಳದ ಇಮೇಲನ್ನು ಹೆಸರಿಸಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದುಪಡಿಸಿತು. ಆದ್ದರಿಂದ ಇಮೇಲ್ ರವಾನೆದಾರರ ಮೇಲೆ ನಡೆಯುವ ನಿಜವಾದ ಆಡಳಿತ ಸ್ವೀಕಾರ ಸೇವೆಗಳ ಖಾಸಗಿ ನಿಯಮಗಳದ್ದೇ. ಇಮೇಲ್ ವಿಳಾಸವನ್ನು ವೈಯಕ್ತಿಕ ದತ್ತಾಂಶವಾಗಿ ನೋಡುವ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯ ಮೂಲಕ ಈ ಕ್ಷೇತ್ರವನ್ನು ಮುಟ್ಟುತ್ತದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಿರಬೇಕು ಎಂದು ಅದು ಹೇಳುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳು 18 ತಿಂಗಳ ನಂತರ ಜಾರಿಯಾಗಲಿವೆ.

ಪ್ರಸ್ತುತ ಸ್ಥಿತಿ

2023ರ ಅಕ್ಟೋಬರ್‌ನಲ್ಲಿ ಗೂಗಲ್ ಮತ್ತು ಯಾಹೂ ಪ್ರಕಟಿಸಿದ ನಿಯಮಗಳು 2024ರ ಫೆಬ್ರುವರಿಯಿಂದ ಜಾರಿಗೆ ಬಂದವು. ಒಂದು ದಿನದಲ್ಲಿ ಖಾಸಗಿ ಜಿಮೇಲ್ ಖಾತೆಗಳಿಗೆ ಸುಮಾರು 5,000 ಅಥವಾ ಹೆಚ್ಚು ಪತ್ರ ಕಳುಹಿಸುವವರನ್ನು ಗೂಗಲ್ ಸಾಮೂಹಿಕ ರವಾನೆದಾರರೆಂದು ಪರಿಗಣಿಸುತ್ತದೆ. ಉಪಡೊಮೈನ್‌ಗಳ ಪತ್ರಗಳೂ ಮೂಲ ಡೊಮೈನಿನ ಲೆಕ್ಕಕ್ಕೇ ಸೇರುತ್ತವೆ. ಒಮ್ಮೆ ಆ ಸಂಖ್ಯೆ ಮುಟ್ಟಿದ ಡೊಮೈನ್ ಕಾಯಂ ಆಗಿ ಅದೇ ವರ್ಗದಲ್ಲಿ ಉಳಿಯುತ್ತದೆ. ಅಂಥವರು ಎಸ್‌ಪಿಎಫ್, ಡಿಕೆಐಎಂ, ಡಿಎಂಎಆರ್‌ಸಿ ಮೂರನ್ನೂ ಹೊಂದಿರಬೇಕು. ಪ್ರಚಾರದ ಪತ್ರಗಳಲ್ಲಿ ಒಂದೇ ಒತ್ತಿಗೆ ಚಂದಾ ನಿಲ್ಲುವ ಸೌಲಭ್ಯವಿಡಬೇಕು, ಬೇಡವೆಂದವರನ್ನು 2 ದಿನದೊಳಗೆ ಪಟ್ಟಿಯಿಂದ ಕೈಬಿಡಬೇಕು. 2025ರ ಮೇ 5ರಿಂದ ಮೈಕ್ರೋಸಾಫ್ಟ್ ಕೂಡ ತನ್ನ ಔಟ್‌ಲುಕ್ ಗ್ರಾಹಕ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಕಳುಹಿಸುವ ಡೊಮೈನ್‌ಗಳಿಗೆ ಈ ಮೂರು ದೃಢೀಕರಣಗಳನ್ನು ಕಡ್ಡಾಯ ಮಾಡಿದೆ. ಅದಕ್ಕಿಂತ ಕಡಿಮೆ ಕಳುಹಿಸುವವರಿಗೂ ಗೂಗಲ್ ಎಸ್‌ಪಿಎಫ್ ಅಥವಾ ಡಿಕೆಐಎಂ ಒಂದಾದರೂ ಇರಬೇಕೆಂದು ಕೇಳುತ್ತದೆ, ದೂರಿನ ಗಡಿಯನ್ನೂ ಅನ್ವಯಿಸುತ್ತದೆ.

ಗೂಗಲ್‌ನ ಹಳೆಯ ಪೋಸ್ಟ್‌ಮಾಸ್ಟರ್ ಟೂಲ್ಸ್ ಐಪಿ ಮತ್ತು ಡೊಮೈನ್ ಖ್ಯಾತಿಯನ್ನು ನಾಲ್ಕು ದರ್ಜೆಗಳಲ್ಲಿ ತೋರಿಸುತ್ತಿತ್ತು. ಹೊಸ ಆವೃತ್ತಿಯಲ್ಲಿ ಅದರ ಸ್ಥಾನವನ್ನು ನಿಯಮಪಾಲನೆಯ ಸ್ಥಿತಿ ತೋರಿಸುವ ಪುಟ ಪಡೆದಿದೆ. ಖ್ಯಾತಿಯ ಅಂದಾಜು ಸ್ವೀಕಾರ ಸೇವೆಯೊಳಗೆ ಮುಂದುವರಿದಿದ್ದರೂ ರವಾನೆದಾರರಿಗೆ ಅದು ನೇರವಾಗಿ ಕಾಣುವುದಿಲ್ಲ. ತಮ್ಮ ಸರ್ವರಿನ ಲಾಗ್, ಡಿಎಂಎಆರ್‌ಸಿ ವರದಿ, ಬೌನ್ಸ್ ಮತ್ತು ದೂರಿನ ಲೆಕ್ಕಗಳಿಂದಲೇ ಅದನ್ನು ಊಹಿಸಿಕೊಳ್ಳಬೇಕಾಗಿದೆ.